ನೋಂದಾಯಿಸದ ನೆರಳು

ದಿನವಿಡೀ ಊರವರ ಇಂಟರ್‌ನೆಟ್ ಸರಿಮಾಡುವವಳ ಮನೆಯದೇ ಕೆಟ್ಟು ಕೂತರೆ ಅವಳು ಯಾರಿಗೆ ಫೋನ್ ಹಚ್ಚಬೇಕು? ದಾಕ್ಷಾಯಣಿಗೆ ಈ ಪ್ರಶ್ನೆ ಎದುರಾದದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚಿ ಖಡಕ್ ರೊಟ್ಟಿಯ ಮೊದಲ ತುಂಡು ಮುರಿಯುವಾಗ. 'ಸಹವಾಸ ನೆಟ್' ಕಂಪನಿಯ ಹುಬ್ಬಳ್ಳಿ ಕಂಟ್ರೋಲ್ ರೂಮಿನಲ್ಲಿ ಗೋಡೆಯಷ್ಟಗಲದ ಪರದೆಯ ಮೇಲೆ ಊರಿನ ಮನೆಗಳೆಲ್ಲ ಹಸಿರು ಚುಕ್ಕೆಗಳಾಗಿ ಹೊಳೆಯುತ್ತಿದ್ದವು. ಹಳೇ ಹುಬ್ಬಳ್ಳಿಯ ಮೂಲೆಯಲ್ಲಿದ್ದ ತನ್ನ ಮನೆಯ ಚುಕ್ಕೆ ಅವಳ ಕಣ್ಣೆದುರೇ ಕೆಂಪಾಯಿತು. ಸಂಜೆ ಚಹಾ ಬರುವಷ್ಟರಲ್ಲಿ ಮತ್ತೆ ಹಸಿರಾಯಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ.

ಆ ಕಾಲಕ್ಕೆ ಮನೆಯ ರೂಟರು ಬರೀ ಇಂಟರ್‌ನೆಟ್ ಹಂಚುವ ಪೆಟ್ಟಿಗೆಯಾಗಿ ಉಳಿದಿರಲಿಲ್ಲ. ಅದು ಬಿಡುವ ರೇಡಿಯೋ ಅಲೆಗಳು ಗೋಡೆಗೆ, ಕಪಾಟಿಗೆ, ಮನುಷ್ಯರ ಮೈಗೆ ತಾಗಿ ಹೊಯ್ದಾಡಿ ಹಿಂದಿರುಗುತ್ತಿದ್ದವು. ಆ ಹೊಯ್ದಾಟವನ್ನು ಓದಿ ಯಾರು ನಡೆದರು, ಯಾರು ಮಲಗಿದರು, ಮಲಗಿದವರ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ಪೆಟ್ಟಿಗೆ ಹೇಳಬಲ್ಲದಾಗಿತ್ತು. ಕ್ಯಾಮೆರಾ ಬೇಕಿರಲಿಲ್ಲ, ಮೈಕೂ ಬೇಕಿರಲಿಲ್ಲ. ಒಬ್ಬೊಬ್ಬರ ನಡಿಗೆಗೂ ಒಂದೊಂದು ಗುರುತು ಇರುತ್ತದಲ್ಲ, ಅದಕ್ಕೆ ಕಂಟ್ರೋಲ್ ರೂಮಿನವರು 'ನೆರಳು' ಅನ್ನುತ್ತಿದ್ದರು. ಪೆಟ್ಟಿಗೆ ಕೂರಿಸಲು ಬಂದವನು ಮನೆಮಂದಿಯನ್ನೆಲ್ಲ ಹಾಲಿನಲ್ಲಿ ಅತ್ತಿಂದಿತ್ತ ನಡೆಸಿ, ಹೆಸರು ಕೇಳಿ ನೆರಳು ನೋಂದಾಯಿಸಿಕೊಳ್ಳುತ್ತಿದ್ದ. ಕನ್ಯಾ ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡಿದ ಹಾಗಾಯಿತು ಎಂದು ಜನ ನಗುತ್ತಿದ್ದರು. ನಗುತ್ತಲೇ ನಡೆಯುತ್ತಿದ್ದರು ಕೂಡ, ಏಕೆಂದರೆ ನಡೆಯದಿದ್ದರೆ ಇಂಟರ್‌ನೆಟ್ ಇಲ್ಲ.

ದಾಕ್ಷಾಯಣಿಯ ಮನೆಗೆ ಪೆಟ್ಟಿಗೆ ಬಂದದ್ದು ಅತ್ತೆ ನೀಲವ್ವನ ಸಲುವಾಗಿ. ಅವರಿಗೆ ಲಕ್ವಾ ಹೊಡೆದು ಎಡಗೈ ಜೋತುಬಿದ್ದಿತ್ತು, ಎಡಗಾಲು ಎಳೆಯುತ್ತಿತ್ತು. ಆಸ್ಪತ್ರೆಯಿಂದ ಬಂದ ವಾರದಲ್ಲೇ ಅವರನ್ನು ಹಾಲಿನಲ್ಲಿ ನಡೆಸಿ, ಆ ಎಳೆಯುವ ಕಾಲಿನ ನೆರಳನ್ನೇ 'ರೋಗಿ' ಎಂದು ನೋಂದಾಯಿಸಿದ್ದರು. ಉಸಿರು ಏರುಪೇರಾದರೆ ಅಥವಾ ರೋಗಿ ಕಾಣದಾದರೆ ಪೆಟ್ಟಿಗೆ ಆಂಬುಲೆನ್ಸಿಗೂ ಇಬ್ಬರು ಗಂಡುಮಕ್ಕಳ ಫೋನಿಗೂ ಸುದ್ದಿ ಮುಟ್ಟಿಸುತ್ತಿತ್ತು. ಯಾರಾದರೂ ಪೆಟ್ಟಿಗೆಯನ್ನು ಆರಿಸಿದರೂ ಸುದ್ದಿ ಹೋಗುತ್ತಿತ್ತು. ಇಬ್ಬರು ಮಕ್ಕಳೆಂದರೆ ಬೆಳಗಾವಿಯ ವಿರೂಪಾಕ್ಷ, ಮತ್ತು ದಾಕ್ಷಾಯಣಿಯ ಗಂಡ ಶಿವಯೋಗಿ. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ತಾಯಿಯನ್ನು ಪಾಳಿಯ ಮೇಲೆ ನೋಡಿಕೊಳ್ಳುತ್ತಿದ್ದರು, ಅರ್ಧ ವರ್ಷ ಇಲ್ಲಿ, ಅರ್ಧ ವರ್ಷ ಅಲ್ಲಿ. ಲಕ್ವಾ ಹೊಡೆದದ್ದರಿಂದ ಇಲ್ಲಿಯ ಪಾಳಿ ಮುಗಿದರೂ ನೀಲವ್ವ ಇಲ್ಲಿಯೇ ಉಳಿದಿದ್ದರು.

ಆದ್ದರಿಂದ ಆ ಕೆಂಪು ಚುಕ್ಕೆ ಎಲ್ಲ ಮನೆಗಳ ಕೆಂಪು ಚುಕ್ಕೆಯಂತಿರಲಿಲ್ಲ. ಅದು ಕೆಂಪಾಗಿರುವಷ್ಟು ಹೊತ್ತು ಅತ್ತೆಯ ಉಸಿರಿಗೆ ಕಾವಲಿಲ್ಲ. ಈ ಯೋಚನೆ ಬಂದ ಮೇಲೆ ದಾಕ್ಷಾಯಣಿ ಡಬ್ಬಿ ಮುಚ್ಚಿಟ್ಟಳು.

ಅಂದು ಸಂಜೆ ಮನೆಗೆ ಬಂದವಳೇ ಗಂಡನನ್ನು ಕೇಳಿದಳು. ಶಿವಯೋಗಿಯದು ಕೆಳಮನೆಯಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ. ಮಧ್ಯಾಹ್ನ ಮೇಲೆ ಬಂದು ಊಟ ಮಾಡಿ, ತಾಯಿಗೂ ಉಣ್ಣಿಸಿ ಹೋಗುತ್ತಿದ್ದ.

"ಏನ್ರಿ, ಮಧ್ಯಾಹ್ನ ನೆಟ್ ಹೋಗಾಕತ್ತೈತೇನು?"

"ಇಲ್ಲಲ್ಲ. ಮಸ್ತ್ ಐತಿ," ಅಂದ ಶಿವಯೋಗಿ, ತಲೆ ಎತ್ತದೆ.

ದಾಕ್ಷಾಯಣಿ ಅವನ ಮುಖವನ್ನೇ ನೋಡಿದಳು. ನೆಟ್ ಒಂದು ಗಳಿಗೆ ನಿಧಾನವಾದರೆ ಗಿರಾಕಿಗಳ ಪೇಮೆಂಟ್ ಬರುತ್ತಿಲ್ಲ ಎಂದು ಅವಳ ಆಫೀಸಿಗೇ ಫೋನ್ ಮಾಡಿ ಕೂಗಾಡುವ ಆಸಾಮಿ ಇವನು. ದಿನಾ ಮಧ್ಯಾಹ್ನ ಹೋಗುವ ನೆಟ್ ಇವನಿಗೆ ಮಸ್ತ್ ಆಗಿ ಕಂಡದ್ದು ಹೇಗೆ? ಸುಳ್ಳು ಹೇಳಲು ಬಾರದ ಗಂಡ ಸುಳ್ಳು ಹೇಳಿದರೆ ಹೆಂಡತಿಗೆ ತಿಳಿಯದೆ ಇರುತ್ತದೆಯೇ?

ಭಾನುವಾರ ಅವಳು ಪೆಟ್ಟಿಗೆಯ ಮುಂದೆ ಕೂತಳು. ಊರವರಿಗೆ ದಿನಾ ಹೇಳುವುದನ್ನೆಲ್ಲ ತನ್ನ ಮನೆಯಲ್ಲಿ ತಾನೇ ಮಾಡಿದಳು. ಪೆಟ್ಟಿಗೆ ಆರಿಸುವ ಮುನ್ನ ಬೆಳಗಾವಿಗೆ ತಿಳಿಸಿದಳು, ಇಲ್ಲವಾದರೆ ಭಾವ ಗಾಬರಿಯಾಗಿ ಓಡಿಬಂದಾರು. ಕೇಬಲ್ ಬಿಚ್ಚಿ ಹಾಕಿದಳು, ಅಡಾಪ್ಟರ್ ಬದಲಿಸಿದಳು. ಪೆಟ್ಟಿಗೆಯ ತೂತುಗಳಲ್ಲಿ ಆಯುಧ ಪೂಜೆಯ ವಿಭೂತಿ ಇನ್ನೂ ಕೂತಿತ್ತು. ಹಳೇ ಸೀರೆ ತುಂಡಿನಿಂದ ಒರೆಸಿದಳು. ವಿಭೂತಿ ತುಂಬಿ ಪೆಟ್ಟಿಗೆ ಬಿಸಿಯಾಗಿ ಕೆಟ್ಟ ಕೇಸುಗಳನ್ನು ಅವಳು ಎಷ್ಟೋ ನೋಡಿದ್ದಳು. ಪಕ್ಕದಲ್ಲಿದ್ದ ತಾಮ್ರದ ಕೊಡ ಅಲೆಗಳನ್ನು ತಡೆಯುತ್ತಿರಬಹುದೆಂದು ಅದನ್ನು ಬಚ್ಚಲಿಗೆ ಸಾಗಿಸಿದಳು. ದೀಪ ಹಸಿರಾಗಿಯೇ ಇತ್ತು. ಇಡೀ ದಿನ ಒಂದು ಸಲವೂ ಕೆಂಪಾಗಲಿಲ್ಲ.

ಮಂಚದ ಮೇಲೆ ಮಲಗಿದ್ದ ನೀಲವ್ವ ಇದನ್ನೆಲ್ಲ ರೆಪ್ಪೆ ಬಡಿಯದೆ ನೋಡುತ್ತಿದ್ದರು.

"ಅದರ ಕಣ್ಣು ಎಲ್ಲೈತಿ?" ಎಂದು ಕೇಳಿದರು.

"ಕಣ್ಣು ಇಲ್ರಿ ಅತ್ತಿ. ಬರೇ ನಡಗಿ ಗುರ್ತ ಹಿಡಿತೈತಿ."

"ಅಡಗಿಮನ್ಯಾಗ ನಿಂತ್ರೂ ಕಾಣತೈತೇನು?"

"ಹೂಂ. ಯಾಕ್ರಿ?"

"ಸುಮ್ನ ಕೇಳಿದ್ನಿ," ಎಂದು ನೀಲವ್ವ ಗೋಡೆಯ ಕಡೆ ತಿರುಗಿ ಮಲಗಿದರು. ಅತ್ತೆ ಸುಮ್ಮನೆ ಏನನ್ನೂ ಕೇಳುವವರಲ್ಲ ಎಂಬುದು ಸೊಸೆಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು.

ಅನುಮಾನ ಒಮ್ಮೆ ಮನೆ ಹೊಕ್ಕರೆ ಎಲ್ಲ ಮೂಲೆಯಲ್ಲೂ ಏನಾದರೊಂದು ತೋರಿಸುತ್ತದೆ. ಶಿವಯೋಗಿ ಜನ್ಮದಲ್ಲಿ ಊದಿನಕಡ್ಡಿ ಹಚ್ಚಿದವನಲ್ಲ. ಈಗ ಅವಳು ಕೆಲಸದಿಂದ ಬರುವಷ್ಟರಲ್ಲಿ ಮನೆಯೆಲ್ಲ ಗಂಧದ ಹೊಗೆ. "ಅವ್ವಗ ವಾಸ್ನಿ ಸೇರ್ತೈತಿ" ಅನ್ನುತ್ತಿದ್ದ. ಒಂದು ದಿನ ಅವನ ಕರಿ ಅಂಗಿಯ ತೋಳಿನ ಮೇಲೆ ಬಿಳಿಯ ಪುಡಿ ಕಂಡಿತು. ಮೋಟಾರ್ ಅಂಗಡಿಯಲ್ಲಿ ಮೈಗೆ ಗ್ರೀಸು ಮೆತ್ತಬೇಕು, ಪೌಡರ್ ಎಲ್ಲಿಂದ ಬಂತು? ಕೇಳಿದರೆ ಜಗಳವಾದೀತು, ಕೇಳದಿದ್ದರೆ ಎದೆಯೊಳಗೇ ಉರಿದೀತು. ಅವಳು ಕೇಳಲಿಲ್ಲ. ಅಂಗಿಯನ್ನು ಮಾತ್ರ ರಪರಪ ಬಡಿದು ಒಗೆದಳು.

ಮರುದಿನ ಕಂಟ್ರೋಲ್ ರೂಮಿನಲ್ಲಿ ಅವಳು ತನ್ನ ಡಬ್ಬಿಯನ್ನು ಮಕಾನದಾರರ ಮುಂದಿಟ್ಟಳು. ಮಕಾನದಾರರು ಎರಡನೆಯ ಹಂತದ ಅಧಿಕಾರಿ. ದಾಕ್ಷಾಯಣಿಯಂಥವರಿಗೆ ಚುಕ್ಕೆ ಕೆಂಪೋ ಹಸಿರೋ ಎಂದಷ್ಟೇ ಕಂಡರೆ, ಅವರ ಪರದೆಗೆ ಮನೆಯೊಳಗಿನ ನೆರಳುಗಳೂ ಕಾಣುತ್ತಿದ್ದವು.

"ಏನ್ ರೊಟ್ಟಿರೀ ಮೇಡಂ ಇವು! ಹಪ್ಪಳ ಇದ್ದಂಗ ಅದಾವು," ಎಂದು ಅವರು ಕಟುಮ್ಮನೆ ಮುರಿದು ಬಾಯಿಗಿಟ್ಟರು. "ಯಾರ ಕೈದು?"

"ನಮ್ಮ ಮನಿಯವರು ರೊಟ್ಟಿ ಕೇಂದ್ರದಿಂದ ತರ್ತಾರ್ರಿ. ಸರ, ಒಂದ ಮಾತು. ನಮ್ಮನಿ ಚುಕ್ಕಿ ದಿನಾ ಮಧ್ಯಾಹ್ನ ಯಾಕ ಕೆಂಪ ಆಗ್ತೈತಿ, ನೋಡಿ ಹೇಳ್ರಿ."

"ನೌಕರರ ಸ್ವಂತ ಮನಿ ನೆರಳು ತೆಗದು ತೋರಸೂದು ರೂಲ್‌ನ್ಯಾಗ ಇಲ್ಲ." ಮಕಾನದಾರರು ಇನ್ನೊಂದು ರೊಟ್ಟಿ ಮುರಿದರು. ಅವಳ ಮುಖ ನೋಡಿದರು. "ಅತ್ತಿಯವರು ಮನ್ಯಾಗ ಒಬ್ರ ಇರ್ತಾರಲ್ಲ?"

"ಅದಕ್ಕ ಕೇಳಾಕತ್ತೀನ್ರಿ."

ಮಕಾನದಾರರು ನಿಟ್ಟುಸಿರು ಬಿಟ್ಟು ಕುರ್ಚಿ ಅವಳತ್ತ ಸರಿಸಿದರು. ಗೋಡೆಯ ಮೇಲಿನ ಚುಕ್ಕೆ ಆಗಷ್ಟೇ ಕೆಂಪಾಗಿತ್ತು. ಬೆರಳಾಡಿಸಿದೊಡನೆ ಅವಳ ಮನೆಯ ನಕ್ಷೆ ಪರದೆಯ ಮೇಲೆ ಬಿಚ್ಚಿಕೊಂಡಿತು. ಹಾಲು, ಅಡುಗೆಮನೆ, ಬಚ್ಚಲು. ತನ್ನ ಮನೆಯನ್ನು ಹೀಗೆ ಮೇಲಿನಿಂದ ಕಳ್ಳನಂತೆ ಇಣುಕಿ ನೋಡುವುದು ದಾಕ್ಷಾಯಣಿಗೆ ಅಸಹ್ಯವೆನಿಸಿತು. ಆದರೂ ಕಣ್ಣು ಕೀಳಲಿಲ್ಲ.

"ಲೈನ್ ಕೆಟ್ಟಿಲ್ರಿ," ಅಂದರು ಮಕಾನದಾರರು. "ಪೆಟಗಿನ ಬೀಗ ಹಾಕೇತಿ. ನೋಂದಣಿ ಇಲ್ಲದ ಮನಷ್ಯಾ ಮನ್ಯಾಗ ಬಾಳ ಹೊತ್ತು ನಿಂತ್ರ ನೆಟ್ ಬಂದ್ ಆಗ್ತೈತಿ, ಅವರು ಹೋದ ಮ್ಯಾಲ ಚಾಲೂ ಆಗ್ತೈತಿ. ಪುಕಟ ನೆಟ್ ಬಳಸಬಾರದಂತ ಕಂಪನಿ ಹೊಸದಾಗಿ ಮಾಡಿದ್ದು, ನಿಮ್ಮ ಹಂತಕ್ಕ ಇನ್ನೂ ತಿಳಿಸಿಲ್ಲ. ನಿಮ್ಮನಿಗೆ ದಿನಾ ಯಾರೋ ಬರ್ತಾರ."

"ಯಾರು?"

ಅಡುಗೆಮನೆಯಲ್ಲಿ ಒಂದು ನೇರಳೆ ಬಣ್ಣದ ನೆರಳು ನಿಂತಿತ್ತು. ಅದರ ಪಕ್ಕದಲ್ಲೇ ಶಿವಯೋಗಿಯ ನೆರಳು. ನೇರಳೆ ನೆರಳಿನ ಕೆಳಗೆ ಪೆಟ್ಟಿಗೆ ತನ್ನ ಊಹೆ ಬರೆದಿತ್ತು: ಅಪರಿಚಿತ. ಹೆಣ್ಣು. ಚುರುಕು ನಡಿಗೆ. ವಯಸ್ಸು ನಲವತ್ತರ ಒಳಗೆ.

ದಾಕ್ಷಾಯಣಿ ಅದನ್ನು ಎರಡು ಸಲ ಓದಿದಳು. ನಲವತ್ತರ ಒಳಗೆ. ಚುರುಕು ನಡಿಗೆ. ಬಿಳಿ ಪೌಡರ್, ಗಂಧದ ಹೊಗೆ, ಮಸ್ತ್ ಇರುವ ನೆಟ್, ಎಲ್ಲ ಒಂದಕ್ಕೊಂದು ಕೂಡಿಕೊಂಡು ಅವಳ ಎದೆಯ ಮೇಲೆ ಕೂತವು.

"ಇದೇನರೀ ಇದು?" ಮಕಾನದಾರರು ಕನ್ನಡಕ ಏರಿಸಿದರು. ನೇರಳೆ ನೆರಳಿನ ಸುತ್ತ ಅಲೆಗಳು ಒಂದೇ ಸಮನೆ ಕುಣಿಯುತ್ತಿದ್ದವು, ನಡುವೆ ತುಸು ನಿಂತು ಮತ್ತೆ ಕುಣಿಯುತ್ತಿದ್ದವು. "ಏನೋ ಬಡ್ಯಾಕತ್ತೈತಿ. ಮನಷ್ಯಾರ ಜೋಡಿ ಏನರ ಮಷೀನ್ ಇಟ್ಟಾರೇನು?" ಆಮೇಲೆ ಅವರ ದನಿ ಬದಲಾಯಿತು. "ಮೇಡಂ, ನಿಮ್ಮ ಅತ್ತಿಯವರ ನೆರಳು ಎಲ್ಲಿ?"

ಹಾಲಿನ ಮಂಚ ಖಾಲಿಯಾಗಿತ್ತು. ಬಚ್ಚಲೂ ಖಾಲಿ. ಪರದೆಯ ಮೂಲೆಯಲ್ಲಿ ಕಳಿಸಲಾಗದೆ ಉಳಿದ ಒಂದು ಸಂದೇಶ ಮಿನುಗುತ್ತಿತ್ತು: ರೋಗಿ ಮನೆಯಲ್ಲಿಲ್ಲ.

"ಇದು ಯಾರಿಗೂ ಮುಟ್ಟಿಲ್ಲ ಯಾಕ್ರಿ?"

"ಬೀಗ ಬಿದ್ದ ಲೈನಿನ್ಯಾಗಿಂದ ನಮ್ಮ ಪರದಿಗಷ್ಟ ಬರ್ತೈತಿ, ಹೊರಗ ಹೆಂಗ ಹೋಗ್ತೈತಿ? ಎಲ್ಲಾದಕ್ಕೂ ಒಂದ ಬಾಗಲಾ ಇಟ್ಟಾರ ಶ್ಯಾಣ್ಯಾರು." ಕಂಪನಿಯನ್ನು ಬೈಯುತ್ತ ಮಕಾನದಾರರು ತಿರುಗುವಷ್ಟರಲ್ಲಿ ದಾಕ್ಷಾಯಣಿ ಬಾಗಿಲು ದಾಟಿದ್ದಳು.

ಆಟೋದಲ್ಲಿ ಕೂತು ಗಂಡನಿಗೆ ಫೋನ್ ಹಚ್ಚಿದಳು. ಹೋಗಲಿಲ್ಲ. ಮನೆಯೊಳಗಿನ ಫೋನುಗಳೆಲ್ಲ ಆಗ ಪೆಟ್ಟಿಗೆಯ ಮೂಲಕವೇ ಮಾತಾಡುತ್ತಿದ್ದವು. ಬೀಗ ಬಿದ್ದರೆ ಅವೂ ಮೂಕ. ಅತ್ತೆಯನ್ನು ಏನು ಮಾಡಿದರು? ನಿದ್ದೆಗುಳಿಗೆ ಕೊಟ್ಟು ಎಲ್ಲಾದರೂ ಸಾಗಿಸಿದರೇ? ಮಲಗಿದವರ ಉಸಿರನ್ನೂ ಹಿಡಿಯುವ ಪೆಟ್ಟಿಗೆಗೆ ಅವರು ಕಾಣುತ್ತಿಲ್ಲವೆಂದರೆ ಒಂದೋ ಮನೆಯಲ್ಲಿಲ್ಲ, ಇಲ್ಲವೇ ಉಸಿರೇ ಇಲ್ಲ. ಶಿವಯೋಗಿ ಅಂಥವನೇ? ಅಲ್ಲ ಎಂದು ಮನಸ್ಸು ಹೇಳುತ್ತಿತ್ತು. ಹಾಗಾದರೆ ಸುಳ್ಳೇಕೆ ಹೇಳಿದ ಎಂದು ಅದೇ ಮನಸ್ಸು ಮರುಕ್ಷಣ ಕೇಳುತ್ತಿತ್ತು.

ಅಂಗಡಿ ಮುಚ್ಚಿತ್ತು. ಮೆಟ್ಟಿಲ ಬುಡದಲ್ಲಿ ಅವಳು ಚಪ್ಪಲಿ ಕಳಚಿ, ಸದ್ದಿಲ್ಲದೆ ಮೇಲೆ ಹತ್ತಿದಳು. ಅರ್ಧ ಮೆಟ್ಟಿಲಿಗೇ ಕೇಳಿಸಿತು. ಟಪ್ ಟಪ್ ಟಪ್ ಟಪ್. ತುಸು ಬಿಡುವು. ಮತ್ತೆ ಟಪ್ ಟಪ್ ಟಪ್. ಮಕಾನದಾರರ ಪರದೆಯಲ್ಲಿ ಕುಣಿದ ಅಲೆಗಳ ಲಯ ಅದೇ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರು ಯಾರೂ ಆ ಸದ್ದನ್ನು ಮಷೀನಿನದು ಅನ್ನಲಾರರು.

ಬಾಗಿಲು ತಳ್ಳಿದಳು. ಊದಿನಕಡ್ಡಿ ಇನ್ನೂ ಹಚ್ಚಿರಲಿಲ್ಲ. ಮನೆಯೆಲ್ಲ ಬೆಂದ ಜೋಳದ ಘಮ. ಅಡುಗೆಮನೆಯ ಕಟ್ಟೆಯ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಾಲ ಮೇಲೆ ನೆಟ್ಟಗೆ ನಿಂತು ನೀಲವ್ವ ರೊಟ್ಟಿ ಬಡಿಯುತ್ತಿದ್ದರು. ಎಡಗೈ ಹಿಟ್ಟನ್ನು ತಿರುಗಿಸುತ್ತಿತ್ತು, ಬಲಗೈ ತಟ್ಟುತ್ತಿತ್ತು. ಬಡಿದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಂಚಿನ ಮೇಲೆ ಹಾಕಿ, ನೀರು ಸವರಿ, ಚಟ್ಟನೆ ಮೂಲೆಗೆ ಹೋಗಿ ಹಿಟ್ಟಿನ ಡಬ್ಬಿ ತಂದರು. ಪೆಟ್ಟಿಗೆಯ ಊಹೆಯಲ್ಲಿ ತಪ್ಪೇನೂ ಇರಲಿಲ್ಲ, ಆ ನಡಿಗೆ ನಲವತ್ತರ ಒಳಗಿನವರದೇ. ಶಿವಯೋಗಿ ಪಕ್ಕದಲ್ಲಿ ಕೂತು, ಬೆಂದ ರೊಟ್ಟಿಗಳನ್ನು ಖಡಕ್ಕಾಗಲು ಗೋಡೆಗೆ ಒರಗಿಸುತ್ತಿದ್ದ. ಅವನ ತೋಳ ತುಂಬ ಬಿಳಿಯ ಜೋಳದ ಹಿಟ್ಟು.

ದಾಕ್ಷಾಯಣಿಗೆ ನಗು ಉಕ್ಕಿತು. ಅದು ತುಟಿಗೆ ಬರುವ ಮೊದಲೇ ನೀಲವ್ವ ತಿರುಗಿ ಅವಳನ್ನು ಕಂಡರು.

ಆಮೇಲೆ ನಡೆದದ್ದನ್ನು ಅವಳು ಮರೆಯಲಾರಳು. ಅತ್ತೆಯ ಎಡಗೈ ಮೆಲ್ಲಗೆ ಜೋತುಬಿತ್ತು. ಎಡ ಭುಜ ಕುಸಿಯಿತು. ಎಡಗಾಲನ್ನು ನೆಲಕ್ಕೆ ಎಳೆಯುತ್ತ, ಗೋಡೆ ಹಿಡಿದುಕೊಂಡು, ಅವರು ಅವಳನ್ನು ದಾಟಿ ಹಾಲಿನ ಮಂಚದ ಕಡೆ ನಡೆಯತೊಡಗಿದರು. ನೋಂದಾಯಿಸಿದ ನೆರಳು ಮನೆಗೆ ಮರಳಿತ್ತು. ಪೆಟ್ಟಿಗೆಯ ಕೆಂಪು ದೀಪ ತುಸು ಹೊತ್ತು ಮಿನುಗಿ ಹಸಿರಾಯಿತು.

"ಅತ್ತಿ," ಅಂದಳು ದಾಕ್ಷಾಯಣಿ. "ನಾ ಎಲ್ಲಾ ನೋಡೀನಿ. ನನ್ನ ಮುಂದ ಯಾಕ್ರಿ ಕಾಲ ಎಳೀತೀರಿ?"

ನೀಲವ್ವ ಮಂಚದ ಮೇಲೆ ಕೂತರು. ಮಾತಾಡಿದವನು ಶಿವಯೋಗಿ. "ಅವ್ವ ನನ್ನ ಕಡೆ ಆಣಿ ಹಾಕಿಸ್ಕೊಂಡಾಳ, ದಾಕ್ಷಾ. ನಿನಗ ಹೇಳಬ್ಯಾಡ ಅಂತ."

"ನನಗ ಯಾಕ ಹೇಳಬಾರದಾಗಿತ್ತು?"

"ನೀನ ಅಂದೀಯಲ್ಲವಾ," ಅಂದರು ನೀಲವ್ವ, ನೆಲ ನೋಡುತ್ತ. "ದವಾಖಾನಿಯಿಂದ ಬಂದ ವಾರನ. ಬೆಳಗಾವಿಯ ಹಿರೇ ಸೊಸಿ ಜೋಡಿ ಫೋನಿನ್ಯಾಗ. 'ಕಾಲು ನೆಟ್ಟಗಾದ ದಿನಾನ ಕಳಸ್ತೀನ್ರಿ ಅಕ್ಕಾರ, ಪಾಳಿ ನಿಮ್ದು' ಅಂದಿ. ನಾ ಮಲಗಿದ್ದೆ, ಕಿವಿ ಮಲಗಿದ್ದಿಲ್ಲ. ಅಲ್ಲಿ ನನಗ ಒಲಿ ಮುಟ್ಟಗೊಡೂದಿಲ್ಲ. ಹಿಟ್ಟು ಬೀಳ್ತೈತಿ ಅಂತಾರ. ರೊಟ್ಟಿಗೂ ಮಷೀನ್ ತಂದಾರ. ಇಡೀ ದಿನ ಕುಂತು ಏನ್ ಮಾಡ್ಲಿ?"

ದಾಕ್ಷಾಯಣಿ ಆ ಮಾತು ಅಂದದ್ದು ನಿಜ. ಆಗ ಅತ್ತೆಯ ಮಲಮೂತ್ರ ಬಳಿದು, ಆಫೀಸಿಗೆ ಓಡಿ ಅವಳು ಸುಸ್ತಾಗಿ ಹೋಗಿದ್ದಳು. ಅಂದದ್ದನ್ನು ಮರೆತೂ ಬಿಟ್ಟಿದ್ದಳು. ಇಷ್ಟು ದಿನ ತಾನು ಇವರನ್ನು ಅನುಮಾನಿಸುತ್ತಿದ್ದೆ ಎಂದುಕೊಂಡರೆ, ಇವರು ಅದಕ್ಕಿಂತ ಮೊದಲಿನಿಂದ ತನ್ನನ್ನು ಅನುಮಾನಿಸುತ್ತಿದ್ದರು. ಅವಳದು ಸುಳ್ಳಾಗಿತ್ತು, ಅವರದು ಸುಳ್ಳಾಗಿರಲಿಲ್ಲ. ನಾಚಿಕೆಯಿಂದ ಅವಳ ಕಣ್ಣು ತುಂಬಿತು.

"ಈಗ ಭಾವಾರಿಗೆ ಫೋನ್ ಹಚ್ತೀನ್ರಿ," ಅಂದಳು. "ಪಾಳಿ ಬ್ಯಾಡ, ಅತ್ತಿ ಇಲ್ಲೇ ಇರ್ತಾರ ಅಂತ ಹೇಳ್ತೀನಿ. ಆಮ್ಯಾಲ ನಿಮ್ಮ ಈ ನಡಗಿನ ಹೊಸದಾಗಿ ನೋಂದಣಿ ಮಾಡೂಣು. ನೀವು ರೊಟ್ಟಿ ಬಡೀವಾಗ ಎದಿ ನೋವು ಬಂದ್ರ ಈ ಪೆಟಗಿಗೆ ತಿಳೀಬೇಕಲ್ಲ? ಇಷ್ಟ ದಿನ ಯಾರೂ ಕಾಯಾಕ ಇದ್ದಿಲ್ಲ ನಿಮ್ಮನ್ನ."

"ನಾ ಕೇಳೂಹಂಗ ಮಾತಾಡು," ಅಂದರು ನೀಲವ್ವ. "ಓಣಿಗೆ ಹೋಗಿ ಮಾತಾಡಿ ಬರ್ತೀನಿ ಅಂದ್ರ ನಂಬೂದಿಲ್ಲ ನಾ."

ದಾಕ್ಷಾಯಣಿ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು ಬೆಳಗಾವಿಗೆ ಹಚ್ಚಿದಳು. ಅಷ್ಟರಲ್ಲಿ ರೊಟ್ಟಿ ಸೀದ ವಾಸನೆ ಬಂತು. ನೀಲವ್ವ ಮೈಮರೆತು ಚಂಗನೆ ಎದ್ದು ಒಲೆಯತ್ತ ಓಡಿ ಉರಿ ಆರಿಸಿದರು. ದೀಪ ಕೆಂಪಾಯಿತು, ಲೈನು ಸತ್ತಿತು. ಒಮ್ಮೆ ಬೀಗ ಬಿದ್ದ ದಿನ ಅದೇ ಅಪರಿಚಿತರು ಮತ್ತೆ ಕಂಡರೆ ಪೆಟ್ಟಿಗೆ ಬಹಳ ಹೊತ್ತು ಕಾಯದೆ ತಕ್ಷಣ ಬೀಗ ಹಾಕುತ್ತಿತ್ತು.

"ಅವ್ವಾ, ಕಾಲು!" ಎಂದು ಕೂಗಿದ ಶಿವಯೋಗಿ.

ಹೀಗಾಗಿ ಬೆಳಗಾವಿಗೆ ಫೋನ್ ಹೋದದ್ದು ಒಂದು ವಿಚಿತ್ರ ರೀತಿಯಲ್ಲಿ. ಲೈನು ಬದುಕಿರಬೇಕೆಂದರೆ ನೀಲವ್ವ ರೋಗಿಯ ಹಾಗೆಯೇ ನಡೆಯಬೇಕು. ಅವರು ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಎಡಗಾಲು ಎಳೆಯುತ್ತ, ಕೈ ಜೋತುಬಿಟ್ಟುಕೊಂಡು ಓಡಾಡಿದರು. ಅವರು ಎಳೆಯುತ್ತಿರುವ ಅಷ್ಟೂ ಹೊತ್ತು ಸೊಸೆ ಫೋನಿನಲ್ಲಿ ಅವರಿಗೆ ಪೂರ್ತಿ ಗುಣವಾಗಿದೆ ಎಂದು ಹೇಳುತ್ತಿದ್ದಳು.

"ಭಾವಾರ, ಅತ್ತಿ ಅರಾಮ ಆಗ್ಯಾರ್ರಿ. ನೆಟ್ಟಗ ನಡೀತಾರ. ಎರಡೂ ಕೈಲೆ ರೊಟ್ಟಿ ಬಡೀತಾರ."

"ಹೌದೇನು! ಹಂಗಾರ ಬರೂ ಸ್ವಾಮವಾರ ಬಂದು ಕರ್ಕೊಂಡು ಹೋಗ್ತೇನಿ," ಎಂದಿತು ವಿರೂಪಾಕ್ಷನ ದನಿ.

ನೀಲವ್ವನ ಹೆಜ್ಜೆ ನಿಂತಿತು.

"ಬ್ಯಾಡ್ರಿ. ಇನ್ನ ಪಾಳಿ ಇಲ್ಲ. ಅತ್ತಿ ನಮ್ಮನ್ಯಾಗ ಇರ್ತಾರ. ನೋಡಬೇಕು ಅನಿಸಿದಾಗ ನೀವ ಬರ್ರಿ, ರೊಟ್ಟಿ ತಿಂದು ಹೋಗ್ರಿ."

"ಅವ್ವ ಹೂಂ ಅಂದಾಳೇನು?" ಎಂದು ಕೇಳಿದ ವಿರೂಪಾಕ್ಷ.

"ಹೂಂ," ಅಂದರು ನೀಲವ್ವ ಫೋನಿಗೆ ಕೇಳುವಷ್ಟು ಗಟ್ಟಿಯಾಗಿ, ಮತ್ತೆ ಕಾಲು ಎಳೆಯುತ್ತ.

ಫೋನ್ ಇಟ್ಟ ಮೇಲೆ ದಾಕ್ಷಾಯಣಿ ಅಂದಳು, "ಈಗ ಸರಿಯಾಗಿ ನಡೀರಿ, ಅತ್ತಿ."

ನೀಲವ್ವ ಸೆರಗು ಸರಿಮಾಡಿಕೊಂಡರು. ಒಂದು ಹೆಜ್ಜೆ ಎಳೆದೇ ಇಟ್ಟರು, ಸೊಸೆಯ ಮುಖ ನೋಡಿದರು. ಎರಡನೆಯದನ್ನು ನೆಟ್ಟಗೆ ಇಟ್ಟರು. ಆಮೇಲೆ ಕೈ ಬೀಸಿಕೊಂಡು ಹಾಲನ್ನು ಅತ್ತಿಂದಿತ್ತ ಅಳೆದರು. ದೀಪ ಕೆಂಪಾಯಿತು. ಪೆಟ್ಟಿಗೆಯ ಪುಟ್ಟ ಪರದೆ ಕೇಳಿತು: ಅಪರಿಚಿತ ವ್ಯಕ್ತಿ. ಯಾರು? ಎಷ್ಟು ದಿನ ಇರುವವರು?

"ನಿಮಗ ನಲವತ್ತು ದಾಟಿಲ್ಲಂತ ಅಂದೈತ್ರಿ ಇದು," ಎಂದು ದಾಕ್ಷಾಯಣಿ ಬೆರಳಿಂದ ಉತ್ತರ ಒತ್ತಿದಳು.

"ಏನ್ ಬರದಿ? ಓದು."

"ನೀಲವ್ವ. ಕಾಯಂ."

ನೀಲವ್ವ ಸೊಸೆಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ನೀ ಓದಪಾ ಶಿವಯೋಗಿ. ಹಂಗ ಬರದೈತೇನು?"

ಶಿವಯೋಗಿ ಹಿಟ್ಟಿನ ಕೈ ಅಂಗಿಗೆ ಒರೆಸಿಕೊಂಡು, ಬಗ್ಗಿ, ಅಕ್ಷರ ಅಕ್ಷರ ಬಿಡಿಸಿ ಓದಿದ. "ಹೂಂ ಅವ್ವಾ. ಕಾಯಂ ಅಂತನ ಐತಿ."

ದೀಪ ಹಸಿರಾಯಿತು. ನೀಲವ್ವ ಆ ಹಸಿರನ್ನು ಒಂದು ಗಳಿಗೆ ದಿಟ್ಟಿಸಿ, ಸೀದ ರೊಟ್ಟಿಯನ್ನು ತೆಗೆದುಹಾಕಿ ಇನ್ನೊಂದಕ್ಕೆ ಹಿಟ್ಟು ನಾದಲು ಹೋದರು.